ಎತ್ತರ ಗೊತ್ತಾದ ಮೇಲೆ ಉದ್ದೇಶ ಹುಡುಕುವ ಪ್ರತಿಮೆಗಳು: ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಸನ್ಮಾನ್ಯ ಸಚಿವರು,
ಕನ್ನಡ ಮತ್ತು ಸಂಸ್ಕೃತಿ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ನಾನು ಸರ್ಕಾರಿ ಸೇವೆಯಲ್ಲಿ ಸಿವಿಲ್ ಎಂಜಿನಿಯರ್ ಆಗಿ ಮೂವತ್ತು ವರ್ಷಕ್ಕೂ ಮಿಕ್ಕಿ ದುಡಿದು ನಿವೃತ್ತನಾದವನು. ಮೋರಿ, ರಸ್ತೆ, ಶಾಲಾ ಕೊಠಡಿಗಳ ಅಂದಾಜು ಪಟ್ಟಿ ಬರೆಯುತ್ತಲೇ ಆಯುಷ್ಯ ಕಳೆದವನಿಗೆ ಪ್ರತಿಮೆಗಳ ವಿಷಯದಲ್ಲಿ ಏನು ಕೆಲಸ ಎಂದು ತಾವು ಕೇಳಬಹುದು. ಸೇವೆಯ ಕೊನೆಯ ಹತ್ತು ವರ್ಷಗಳಲ್ಲಿ ಏಳು ಪ್ರತಿಮೆಗಳ ಪೀಠಕ್ಕೆ ನಾನೇ ನಿಂತು ಗುರುತು ಹಾಕಿಸಿದ್ದೇನೆ. ಅವುಗಳಲ್ಲಿ ಒಂದರ ಮೇಲೆ ಇಂದಿಗೂ ಪ್ರತಿಮೆ ಇಲ್ಲ. ದಿನವೂ ಬೆಳಗಿನ ನಡಿಗೆಗೆ ಹೋಗುವಾಗ ಆ ಬರಿದಾದ ಪೀಠವನ್ನು ಬಳಸಿಕೊಂಡೇ ಹೋಗಬೇಕಾದ್ದರಿಂದ ಈ ಪತ್ರ ಬರೆಯದೆ ಇರಲಾಗಲಿಲ್ಲ.

ನಮ್ಮದು ಒಂದು ತಾಲ್ಲೂಕು ಕೇಂದ್ರ. ಊರಿನ ಹೆಸರನ್ನೂ, ಆ ಮಹನೀಯರ ಹೆಸರನ್ನೂ ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ಚರ್ಚೆ ಪೀಠವನ್ನು ಬಿಟ್ಟು ಜಾತಿಯ ಕಡೆಗೆ ಹೊರಳುತ್ತದೆ ಎಂಬುದು ತಮಗೂ ಗೊತ್ತು. ಬಸ್ ನಿಲ್ದಾಣದ ಮುಂದಿನ ವೃತ್ತದಲ್ಲಿ ಪ್ರತಿಮೆ ನಿಲ್ಲಿಸಬೇಕೆಂದು ನನ್ನ ಮೇಜಿಗೆ ಬಂದ ಟಿಪ್ಪಣಿಯಲ್ಲಿ ಮೂರೇ ವಿವರಗಳಿದ್ದವು: ಮಹನೀಯರ ಹೆಸರು, ಹನ್ನೆರಡು ಅಡಿ ಎತ್ತರ, ಅನಾವರಣವಾಗಬೇಕಾದ ಜಯಂತಿಯ ದಿನಾಂಕ. ಯಾಕೆ ಈ ವೃತ್ತ, ಯಾಕೆ ಪ್ರತಿಮೆಯೇ, ಯಾವ ಲೋಹ, ನಾಳೆ ಇದನ್ನು ತೊಳೆಯುವವರು ಯಾರು ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ತಿಂಗಳು ತುಂಬುವುದರೊಳಗೆ ಪಕ್ಕದ ತಾಲ್ಲೂಕಿನ ಪ್ರತಿಮೆ ಹದಿನಾಲ್ಕು ಅಡಿ ಎಂಬ ಸುದ್ದಿ ಬಂದು ನಮ್ಮದು ಹದಿನೈದು ಅಡಿಯಾಯಿತು. ಅಷ್ಟರಲ್ಲಿ ಹಳೆಯ ಅಳತೆಗೆ ಅಡಿಪಾಯದ ಕಾಂಕ್ರೀಟು ಬಿದ್ದಾಗಿತ್ತು.

ಮೂರು ಅಡಿ ಹೆಚ್ಚಾದರೆ ಏನಾಯಿತು ಎಂದು ಕೇಳಿದವರಿಗೆ ನಾನು ಅಂದು ಕೊಟ್ಟ ಉತ್ತರವನ್ನೇ ಇಲ್ಲಿಯೂ ಕೊಡುತ್ತೇನೆ. ಅದೇ ಆಕಾರವನ್ನು ಅದೇ ಪ್ರಮಾಣದಲ್ಲಿ ಹನ್ನೆರಡರಿಂದ ಹದಿನೈದು ಅಡಿಗೆ ಹಿಗ್ಗಿಸಿದರೆ ಎತ್ತರ ಕಾಲುಭಾಗ ಹೆಚ್ಚುತ್ತದೆ, ಗಾಳಿಗೆ ಒಡ್ಡಿದ ಮೈ ಒಂದೂವರೆ ಪಟ್ಟಿಗೂ ಮಿಗಿಲಾಗುತ್ತದೆ, ಬುಡದಿಂದ ಪ್ರತಿಮೆಯನ್ನು ಮಗುಚಲು ನೋಡುವ ಬಲವಂತೂ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇದು ಎಂಜಿನಿಯರಿಂಗ್ ಓದುವ ಹುಡುಗರೂ ಮಾಡಬಲ್ಲ ಲೆಕ್ಕ. ಅಡಿಪಾಯವನ್ನು ಒಡೆದು ಹೊಸದಾಗಿ ಕಟ್ಟಬೇಕೆಂದು ಬರೆದೆ. ಜಯಂತಿಗೆ ಹತ್ತೊಂಬತ್ತು ದಿನ ಉಳಿದಿದ್ದವು. ಮದುವೆಯ ಮುಹೂರ್ತ ಗೊತ್ತುಮಾಡಿಕೊಂಡು ಆಮೇಲೆ ಗಂಡು ಹುಡುಕುವವರ ಅವಸರ ಆ ದಿನಗಳಲ್ಲಿ ನಮ್ಮ ಕಚೇರಿಯನ್ನು ಹೊಕ್ಕಿತ್ತು.

ಕೊನೆಗೆ ಕೆಲಸವನ್ನು ನಿಲ್ಲಿಸಿದ್ದು ನನ್ನ ಲೆಕ್ಕವಲ್ಲ, ಪುರಸಭೆಯ ಹಳೆಯ ನಿರ್ಣಯ ಪುಸ್ತಕ. ಅದೇ ವೃತ್ತಕ್ಕೆ ಇನ್ನೊಬ್ಬ ಹಿರಿಯರ ಹೆಸರಿಡಬೇಕೆಂದು ಇಪ್ಪತ್ತು ವರ್ಷಗಳ ಹಿಂದೆ ನಿರ್ಣಯವಾಗಿದ್ದನ್ನು ಯಾರೋ ತೆಗೆದು ತೋರಿಸಿದರು. ಎರಡು ಮನವಿ, ಎರಡು ಮೆರವಣಿಗೆ, ಒಂದು ನಿಷೇಧಾಜ್ಞೆ, ಮೀಸಲು ಪಡೆಯ ಎರಡು ವ್ಯಾನು. ಪ್ರತಿಮೆ ಗೋಣಿತಾಟು ಸುತ್ತಿಕೊಂಡು ಉಗ್ರಾಣ ಸೇರಿತು. ಆ ಬಳಿಕ ನಾಲ್ಕು ಜಯಂತಿಗಳು ಕಳೆದಿವೆ. ಪೀಠದ ಮೇಲೆ ಈಗ ಸಂಜೆ ಹೊತ್ತು ಹೂ ಮಾರುವವರ ಬುಟ್ಟಿ ಇರುತ್ತದೆ. ಇಷ್ಟು ವರ್ಷಗಳಲ್ಲಿ ಆ ಪೀಠ ಯಾರಿಗಾದರೂ ಉಪಯೋಗಕ್ಕೆ ಬಂದಿದ್ದರೆ ಅವರಿಗೆ ಮಾತ್ರ.

ಇದು ನಮ್ಮ ಊರೊಂದರ ಕತೆಯಾಗಿದ್ದರೆ ತಮಗೆ ಬರೆಯುವ ಅಗತ್ಯವಿರಲಿಲ್ಲ. ಬೆಂಗಳೂರಿನ ಹಲಸೂರು ಕೆರೆಯ ಬಳಿ ತಮಿಳು ಕವಿ ತಿರುವಳ್ಳುವರ್ ಪ್ರತಿಮೆ 1991ರಿಂದ 2009ರವರೆಗೆ, ಒಟ್ಟು ಹದಿನೆಂಟು ವರ್ಷ, ಮುಸುಕು ಹಾಕಿಕೊಂಡೇ ನಿಂತಿತ್ತು. ಅದು ಬೆಳಕು ಕಂಡದ್ದು ಎರಡು ರಾಜ್ಯಗಳು ಕೂತು ಮಾತಾಡಿದ ಮೇಲೆ. 2009ರ ಆಗಸ್ಟ್ 9ರಂದು ಹಲಸೂರಿನಲ್ಲಿ ವಳ್ಳುವರ್, ನಾಲ್ಕು ದಿನ ಕಳೆದು ಚೆನ್ನೈನ ಅಯನಾವರದಲ್ಲಿ ಸರ್ವಜ್ಞ. ಅಂದು ಆದ ಆ ಮಾತುಕತೆ ಯೋಗ್ಯವಾದದ್ದೇ. ನನ್ನ ಪ್ರಶ್ನೆ ಇಷ್ಟು: ಹದಿನೆಂಟು ವರ್ಷದ ನಂತರ ಸಾಧ್ಯವಾದ ಮಾತು ಪೀಠ ಕಟ್ಟುವ ಮೊದಲೇ ಯಾಕೆ ಸಾಧ್ಯವಾಗಲಿಲ್ಲ? ಉತ್ತರವೂ ನನಗೆ ಗೊತ್ತಿರುವ ಮಟ್ಟಿಗೆ ಸರಳ. ಅಂಥ ಮಾತಿಗೆ ನಮ್ಮ ಆಡಳಿತದ ಪದ್ಧತಿಯಲ್ಲಿ ಜಾಗವೇ ಇಲ್ಲ. ಜಾಗ ಕೊಡುವುದು ಒಂದು ಕಚೇರಿ, ಹಣ ಕೊಡುವುದು ಇನ್ನೊಂದು, ಕಟ್ಟುವುದು ಮತ್ತೊಂದು, ಕಾವಲು ಕಾಯುವುದು ಪೊಲೀಸರು. ಇದು ಬೇಕೇ ಎಂದು ಕೇಳುವ ಕಚೇರಿ ಮಾತ್ರ ಯಾವುದೂ ಅಲ್ಲ.

ಕಾನೂನು ಇಲ್ಲವೆಂದಲ್ಲ. 2013ರ ಜನವರಿ 18ರಂದು ಸುಪ್ರೀಂ ಕೋರ್ಟ್, ಕೇರಳದ ಒಂದು ಪ್ರತಿಮೆಯ ಪ್ರಕರಣವನ್ನು ಆಲಿಸುತ್ತ, ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗ, ರಸ್ತೆಬದಿ ಮತ್ತು ಸಾರ್ವಜನಿಕ ಉಪಯೋಗದ ಇತರ ಜಾಗಗಳಲ್ಲಿ ಪ್ರತಿಮೆ ನಿಲ್ಲಿಸಲು ರಾಜ್ಯ ಸರ್ಕಾರಗಳು ಅನುಮತಿ ಕೊಡಕೂಡದೆಂದು ಆದೇಶಿಸಿತು; ಅದು ಎಲ್ಲ ರಾಜ್ಯಗಳಿಗೂ ಅನ್ವಯ. ಬೀದಿದೀಪ, ಸಂಚಾರ, ಸುಂಕದ ಕಟ್ಟೆ ಮುಂತಾದ ಕಾಮಗಾರಿಗಳ ಜೊತೆಗೆ ರಸ್ತೆಗಳ ಅಭಿವೃದ್ಧಿ ಮತ್ತು ಸೌಂದರ್ಯೀಕರಣಕ್ಕೆ ಮಾತ್ರ ವಿನಾಯಿತಿ ಕೊಟ್ಟಿತು. ಆ ಕೊನೆಯ ಪದವೊಂದು ಸಾಕಾಯಿತು. ಅಂದಿನಿಂದ ನಾನು ಕಂಡ ಕಡತಗಳಲ್ಲಿ ‘ಪ್ರತಿಮೆ ಸ್ಥಾಪನೆ’ ಎಂಬ ಶೀರ್ಷಿಕೆ ಮಾಯವಾಗಿ ‘ವೃತ್ತದ ಸೌಂದರ್ಯೀಕರಣ’ ಎಂಬುದು ಬಂದಿತು. ಹುಲ್ಲುಹಾಸು, ಕಾರಂಜಿ, ಗ್ರಾನೈಟ್ ಕಟ್ಟೆ, ನಡುವೆ ‘ಶಿಲ್ಪಾಕೃತಿ ಒಂದು’. ಸಹಿ ಹಾಕಿದವರಲ್ಲಿ ನಾನೂ ಒಬ್ಬನೆಂಬುದನ್ನು ಮುಚ್ಚಿಡುವುದಿಲ್ಲ.

ಮಾನ್ಯ ಸಚಿವರೇ, ಸ್ಮಾರಕ ಕಟ್ಟುವುದು ನಮ್ಮ ನಾಡಿಗೆ ಹೊಸದಲ್ಲ. ಹೇಗೆ ಕಟ್ಟಬೇಕೆಂಬ ತಿಳಿವಳಿಕೆಯೂ ಹೊಸದಲ್ಲ. ತಮ್ಮ ಕಚೇರಿಯಿಂದ ಹೆಚ್ಚು ದೂರವಿಲ್ಲದ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದಿಟ್ಟ ಕಲ್ಲೊಂದಿದೆ. ಕ್ರಿ.ಶ. 949–50ರ ಕಾಲದ್ದು. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನೂ ಗಂಗರ ಬೂತುಗನೂ ಚೋಳರ ಮೇಲೆ ತಕ್ಕೋಲದಲ್ಲಿ ಗೆದ್ದ ಯುದ್ಧದ ಮಾತು ಅದರಲ್ಲಿ ಬರುತ್ತದೆ. ಆದರೆ ಕಲ್ಲು ನಿಂತದ್ದು ಆ ಅರಸರಿಗಾಗಿ ಅಲ್ಲ. ಯುದ್ಧದಲ್ಲಿ ಮೆರೆದ ಮಣಲೆರನೆಂಬ ವೀರನಿಗೆ ಅರಸನು ಮೆಚ್ಚಿ ಏನು ಬೇಕೆಂದು ಕೇಳಿದಾಗ ಆತ ಬೇಡಿದ್ದು ಕಾಳಿ ಎಂಬ ಹೆಸರಿನ ನಾಯಿಯನ್ನು. ಆ ಕಾಳಿಯನ್ನು ಬೇಳತೂರಿನ ಬಳಿಯ ಬೆಟ್ಟದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಹೋರಾಡಿ ಸತ್ತವು. ಆ ನಾಯಿಗೆ ನೆಟ್ಟ ಕಲ್ಲು ಅದು. ಮೇಲೆ ಅವೆರಡರ ಕಾದಾಟವನ್ನೂ ಕೆತ್ತಿದ್ದಾರೆ.

ಆ ಶಾಸನದ ಕೊನೆಯ ಭಾಗವನ್ನು ತಮ್ಮ ಇಲಾಖೆಯ ಪ್ರತಿಯೊಬ್ಬ ಅಧಿಕಾರಿಯೂ ಒಮ್ಮೆ ಓದಬೇಕೆಂಬುದು ನನ್ನ ಆಸೆ. ಕಲ್ಲು ಎಲ್ಲಿ ನಿಲ್ಲಬೇಕೆಂದು ಅಲ್ಲಿ ಹೇಳಿದೆ: ಆತಕೂರಿನ ಚಲ್ಲೇಶ್ವರನ ಮುಂದೆ. ಅದರ ಪೂಜೆಗೆಂದು ಎರಡು ಖಂಡುಗ ಅಳತೆಯ ಮಣ್ಣನ್ನು, ಎಂದರೆ ಭೂಮಿಯನ್ನು, ಬಿಟ್ಟುಕೊಟ್ಟಿದೆ. ಆ ಮಣ್ಣನ್ನು ಅನುಭವಿಸುವ ಗೊರವನು, ಎಂದರೆ ಶೈವ ಪೂಜಾರಿ, ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟಲಿ ಎಂದಿದೆ. ನೋಡಿ: ಯಾರ ನೆನಪು, ಯಾವ ಕಾರಣಕ್ಕೆ, ಯಾವ ಜಾಗದಲ್ಲಿ, ಯಾವ ಆದಾಯದಿಂದ, ಯಾರ ಹೊಣೆಯಲ್ಲಿ, ತಪ್ಪಿದರೆ ಏನು ಶಿಕ್ಷೆ. ಸಾವಿರದ ಎಪ್ಪತ್ತು ವರ್ಷಗಳಿಗೂ ಹಿಂದೆ ನಾಯಿಯೊಂದರ ಸ್ಮಾರಕಕ್ಕೆ ಇದ್ದ ನಿರ್ವಹಣೆಯ ಷರತ್ತು ಇಂದು ಕೋಟಿ ರೂಪಾಯಿಯ ಪ್ರತಿಮೆಯ ಕಡತದಲ್ಲಿ ಇರುವುದಿಲ್ಲ. ನಾನು ಅಳತೆ ಹಾಕಿಸಿದ ಏಳರಲ್ಲಿ ಒಂದಕ್ಕೂ ಇರಲಿಲ್ಲ.

ವೀರಗಲ್ಲುಗಳು ಹೆಚ್ಚಾಗಿ ಹೀಗೆಯೇ. ಕೆಳಗಿನ ಅಂತಸ್ತಿನಲ್ಲಿ ಕಾಳಗ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೈವದ ಸನ್ನಿಧಿ. ಬರಹವಿದ್ದಲ್ಲಿ ಯಾವ ಊರ ತುರುವಿಗಾಗಿ, ಯಾರೊಡನೆ ಕಾದಿ ಸತ್ತನೆಂಬ ವಿವರ. ಹಲವೆಡೆ ಅವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಬಿಟ್ಟ ಭೂಮಿಯ ಲೆಕ್ಕ. ‘ಬೆಂಗಳೂರು’ ಎಂಬ ಹೆಸರು ನಮಗೆ ದೊರೆಯುವ ಹಳೆಯ ದಾಖಲೆಯೂ ಬೇಗೂರಿನ ಒಂದು ವೀರಗಲ್ಲೇ. ಒಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಂಗಳೂರ ಕಾಳಗದಲ್ಲಿ ಸತ್ತ ಸಾಮಾನ್ಯನೊಬ್ಬನ ಕಲ್ಲು. ಆ ಕಲ್ಲು ಆಳೆತ್ತರವೂ ಇದ್ದಿರಲಾರದು. ಆದರೆ ಅದು ಒಂದು ಮಹಾನಗರಕ್ಕೆ ಅದರ ಹೆಸರಿನ ಸಾಕ್ಷಿ ಒದಗಿಸಿದೆ.

ನಮ್ಮ ಊರಿನಲ್ಲಿ ಇಂಥದ್ದೇ ಒಂದು ಕಲ್ಲು ಕೆರೆಯ ಕೋಡಿಯ ಬಳಿ ಚರಂಡಿಗೆ ಅಡ್ಡವಾಗಿ ಬಿದ್ದಿದೆ. ಬಟ್ಟೆ ಒಗೆಯುವುದಕ್ಕೆ ಅನುಕೂಲವಾಗಲೆಂದು ಅದನ್ನು ಮಗುಚಿ ಹಾಕಿದ್ದಾರೆ. ಕೈಹಾಕಿ ತಡವಿದರೆ ಕುದುರೆಯ ಕಾಲುಗಳು ಬೆರಳಿಗೆ ಸಿಗುತ್ತವೆ. ಅಲ್ಲಿಂದ ಬರಿದಾದ ಪೀಠಕ್ಕೆ ನಡೆದು ಹೋದರೆ ಏಳು ನಿಮಿಷದ ದಾರಿ. ಒಂದು ಕಡೆ ಪೀಠವಿಲ್ಲದ ಸ್ಮಾರಕ, ಇನ್ನೊಂದು ಕಡೆ ಸ್ಮಾರಕವಿಲ್ಲದ ಪೀಠ.

ಎತ್ತರದ ವಿಷಯಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ನಮ್ಮ ಕಾಲದ ಕಾಯಿಲೆ ಇರುವುದು ಅಲ್ಲಿ. ಗುಜರಾತಿನಲ್ಲಿ 2018ರಲ್ಲಿ 182 ಮೀಟರಿನ ಪ್ರತಿಮೆ ನಿಂತ ಮೇಲೆ ಅಡಿಗಳ ಲೆಕ್ಕ ಎಲ್ಲ ರಾಜ್ಯಗಳಿಗೂ ಹಿಡಿಯಿತು. 2022ರ ನವೆಂಬರ್ 11ರಂದು ಬೆಂಗಳೂರಿನ ವಿಮಾನ ನಿಲ್ದಾಣದ ಆವರಣದಲ್ಲಿ 108 ಅಡಿಯ ಕೆಂಪೇಗೌಡರು ಅನಾವರಣಗೊಂಡರು. ಆ ಪ್ರತಿಮೆಯ ಬಗ್ಗೆ ನನಗೆ ವಿರೋಧವಿಲ್ಲ. ಊರು ಕಟ್ಟಿದವನನ್ನು ಊರಿಗೆ ಬರುವವರು ಮೊದಲು ನೋಡಲಿ ಎಂಬ ಆಲೋಚನೆಯಲ್ಲಿ ಒಂದು ಅರ್ಥವಿದೆ, ಜಾಗವೂ ವಿಶಾಲವಾಗಿದೆ. ಆದರೂ ಆ ಹೆಸರಿಗೆ ತಳುಕು ಹಾಕಿಕೊಂಡ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ ಎಂಬುದು ನೆನಪಾಗದೆ ಇರುವುದಿಲ್ಲ. ಕೆರೆ ಕಟ್ಟಿಸಿದವನಿಗೆ ಕೆರೆಯನ್ನೇ ಸ್ಮಾರಕವಾಗಿ ಉಳಿಸಿಕೊಡುವ ಆಯ್ಕೆ ಯಾವ ಸಭೆಯಲ್ಲಾದರೂ ಮಂಡನೆಯಾಗುತ್ತದೆಯೇ?

ಎತ್ತರವನ್ನು ಕುರಿತು ಕನ್ನಡದಲ್ಲಿ ಹೇಳಬೇಕಾದ ಮಾತನ್ನು ಹನ್ನೆರಡನೆಯ ಶತಮಾನದಲ್ಲೇ ಶ್ರವಣಬೆಳಗೊಳದ ಬೆಟ್ಟದ ಮೇಲೆ ಕೆತ್ತಿಟ್ಟಿದ್ದಾರೆ. ಗೊಮ್ಮಟನನ್ನು ಹೊಗಳುವ ಬೊಪ್ಪಣನ ಶಾಸನದ ಭಾವ ಹೀಗೆ: ಆಕೃತಿ ಬಹಳ ಎತ್ತರವಾದರೆ ಅದಕ್ಕೆ ಸೌಂದರ್ಯ ಒದಗುವುದಿಲ್ಲ, ಎತ್ತರವೂ ಸೌಂದರ್ಯವೂ ಕೂಡಿದರೂ ಅತಿಶಯ ಬರುವುದಿಲ್ಲ, ಮೂರೂ ಒಂದೆಡೆ ನಿಂತದ್ದು ಇಲ್ಲಿ ಮಾತ್ರ. ಅಂದರೆ ಸುಮಾರು 58 ಅಡಿಯ ಏಕಶಿಲೆಯ ಮುಂದೆ ನಿಂತ ಕವಿಗೂ ಎತ್ತರವೊಂದೇ ಗುಣವೆನಿಸಲಿಲ್ಲ. ಅದು ಸೌಂದರ್ಯಕ್ಕೆ ಒಡ್ಡುವ ತೊಡಕೆಂದೇ ಅವನು ಮಾತು ಆರಂಭಿಸುತ್ತಾನೆ. ಇನ್ನು ಆ ಮೂರ್ತಿಯ ಪಾದದ ಬಳಿ ಅದನ್ನು ಮಾಡಿಸಿದವನ ವಿಷಯ ಇರುವುದು ಒಂದೇ ಸಾಲು: ಶ್ರೀ ಚಾವುಂಡರಾಜಂ ಮಾಡಿಸಿದಂ. ಅದೇ ಮಾತನ್ನು ತಮಿಳಿನಲ್ಲೂ ಮರಾಠಿಯಲ್ಲೂ ಬರೆಸಿದ್ದಾರೆ, ಬಂದು ಹೋಗುವವರೆಲ್ಲರಿಗೂ ತಿಳಿಯಲೆಂದು. ನಮ್ಮ ತಾಲ್ಲೂಕಿನಲ್ಲಿ ನಿಂತಿರುವ ಒಂದು ಪ್ರತಿಮೆಯ ಫಲಕದಲ್ಲಿ ನಾನು ಎಣಿಸಿದ್ದೇನೆ: ಅನಾವರಣ ಮಾಡಿದವರು, ಅಧ್ಯಕ್ಷತೆ, ಘನ ಉಪಸ್ಥಿತಿ, ಮುಖ್ಯ ಅತಿಥಿಗಳು, ಗುತ್ತಿಗೆದಾರರು ಸೇರಿ ಇಪ್ಪತ್ತಮೂರು ಹೆಸರುಗಳು. ಪ್ರತಿಮೆಯಲ್ಲಿರುವವರ ಬಗ್ಗೆ ಅವರ ಹೆಸರು ಮತ್ತು ಎರಡು ಇಸವಿಗಳು. ಶಿಲ್ಪಿಯ ಹೆಸರು ಎಲ್ಲಿಯೂ ಇಲ್ಲ.

ಶಿಲ್ಪಿಯ ಮಾತು ಬಂದಾಗ ಇನ್ನೊಂದು ವಿಷಯ. ದೆಹಲಿಯ ಇಂಡಿಯಾ ಗೇಟಿನ ನೇತಾಜಿ ಪ್ರತಿಮೆಯನ್ನೂ ಅಯೋಧ್ಯೆಯ ಬಾಲರಾಮನನ್ನೂ ಕಡೆದವರು ಮೈಸೂರಿನವರು. ನಮ್ಮಲ್ಲಿ ಕಲಿತ ಕೈಗಳಿಗೆ ಬರವಿಲ್ಲ. ಆದರೆ ನಮ್ಮ ಅಂದಾಜು ಪಟ್ಟಿಯಲ್ಲಿ ಪ್ರತಿಮೆ ಎಂದರೆ ಕಾಂಕ್ರೀಟು, ಗ್ರಾನೈಟು, ಕಬ್ಬಿಣದ ಗ್ರಿಲ್ಲುಗಳ ಕೆಳಗೆ ಬರುವ ಇನ್ನೊಂದು ಬಾಬ್ತು. ಗುತ್ತಿಗೆದಾರ ಅದನ್ನು ಎಲ್ಲಿಂದ ತರುತ್ತಾನೆ, ಮಣ್ಣಿನ ಮಾದರಿಯನ್ನು ಯಾರು ಒಪ್ಪಿದರು, ಮೇಣದ ಅಚ್ಚಿನಲ್ಲಿ ಎರಕ ಹೊಯ್ದರೋ ಫೈಬರಿಗೆ ಕಂಚಿನ ಬಣ್ಣ ಬಳಿದರೋ ಎಂದು ಕೇಳುವ ಕಾಲಮ್ಮೇ ಆ ಪಟ್ಟಿಯಲ್ಲಿಲ್ಲ. ಮುಖ ಹೋಲದ ಪ್ರತಿಮೆಯನ್ನು ನೋಡಿ ಮನೆತನದವರೇ ತಲೆ ತಗ್ಗಿಸಿದ್ದನ್ನು ನಾನು ಕಂಡಿದ್ದೇನೆ.

ಕಾರ್ಕಳದ ಬೈಲೂರಿನ ಉಮಿಕಲ್ ಬೆಟ್ಟದ ಮೇಲೆ 2023ರ ಜನವರಿಯಲ್ಲಿ 33 ಅಡಿಯ ಪರಶುರಾಮ ಮೂರ್ತಿ ಅನಾವರಣಗೊಂಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅದರ ಮೇಲ್ಭಾಗವನ್ನು ಕಳಚಿ ಇಳಿಸಲಾಯಿತು. ಅದು ಕಂಚೋ ಅಲ್ಲವೋ ಎಂಬ ಪ್ರಶ್ನೆ ತನಿಖೆಗೂ ನ್ಯಾಯಾಲಯಕ್ಕೂ ಹೋಯಿತು. ತಪ್ಪು ಯಾರದ್ದೆಂದು ಹೇಳುವುದು ನನ್ನ ಕೆಲಸವಲ್ಲ. ಅದೇ ಕಾರ್ಕಳದಲ್ಲಿ 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಸುಮಾರು 42 ಅಡಿಯ ಗೊಮ್ಮಟ ಆರು ಶತಮಾನಗಳ ಕರಾವಳಿಯ ಮಳೆಯನ್ನು ತಡೆದುಕೊಂಡು ನಿಂತಿದ್ದಾನೆ. ಲೋಹದ ಪರೀಕ್ಷಾ ವರದಿಯನ್ನು ಅನಾವರಣಕ್ಕೆ ಮೊದಲೇ ಊರಿನ ಮುಂದಿಟ್ಟಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ ಎಂಬುದಷ್ಟೇ ನನ್ನ ಮಾತು.

ಮಹಾರಾಷ್ಟ್ರದ ಮಾಲವಣದಲ್ಲಿ ಆದದ್ದು ಇದಕ್ಕಿಂತ ಕಟುವಾದದ್ದು. ರಾಜಕೋಟ್ ಕೋಟೆಯಲ್ಲಿ 2023ರ ಡಿಸೆಂಬರ್ 4ರಂದು ಅನಾವರಣಗೊಂಡ 35 ಅಡಿಯ ಶಿವಾಜಿ ಪ್ರತಿಮೆ 2024ರ ಆಗಸ್ಟ್ 26ರಂದು ಉರುಳಿಬಿತ್ತು. ಗಾಳಿ ಗಂಟೆಗೆ 45 ಕಿಲೋಮೀಟರಿನಷ್ಟಿತ್ತೆಂದು ಅಲ್ಲಿನ ಅಂದಿನ ಮುಖ್ಯಮಂತ್ರಿಗಳು ಹೇಳಿದರು. ಕಟ್ಟಡಗಳು ತಾಳಬೇಕಾದ ಗಾಳಿಯ ಲೆಕ್ಕ ಹೇಳುವ ಭಾರತೀಯ ಮಾನಕ 875ರ ಮೂರನೆಯ ಭಾಗದಲ್ಲಿ ನಮ್ಮ ಮಂಗಳೂರಿಗೆ ಗೊತ್ತುಪಡಿಸಿರುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಎಂದರೆ ಗಂಟೆಗೆ 140 ಕಿಲೋಮೀಟರ್. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುವುದರಿಂದ, ಕರಾವಳಿಯ ಕಟ್ಟಡವೊಂದು ತಾಳಿಕೊಳ್ಳಬೇಕಾದ ಒತ್ತಡ ಆ 45 ಕಿಲೋಮೀಟರ್ ಗಾಳಿಯ ಒತ್ತಡಕ್ಕಿಂತ ಒಂಬತ್ತು ಪಟ್ಟು ಹೆಚ್ಚು. ನಟ್ಟು ಬೋಲ್ಟುಗಳು ತುಕ್ಕು ಹಿಡಿದಿವೆಯೆಂದು ಕೆಲವೇ ದಿನಗಳ ಮೊದಲು ಅಲ್ಲಿನ ಎಂಜಿನಿಯರೊಬ್ಬರು ಪತ್ರ ಬರೆದಿದ್ದರಂತೆ. ಅವರು ಯಾರೋ ನನಗೆ ತಿಳಿಯದು, ಆದರೆ ಆ ಪತ್ರ ಬರೆಯುವಾಗಿನ ಅವರ ಮನಸ್ಸು ನನಗೆ ಚೆನ್ನಾಗಿ ಗೊತ್ತು. ಬಿದ್ದ ಜಾಗದಲ್ಲಿ 2025ರಲ್ಲಿ ಹೊಸ ಪ್ರತಿಮೆ ಎದ್ದಿತು, ಮೊದಲಿನದಕ್ಕಿಂತ ಎತ್ತರದ್ದು.

ಉಪ್ಪುಗಾಳಿಯಲ್ಲಿ ಒಂದು ಲೋಹದ ಮೈಯನ್ನು ಇನ್ನೊಂದು ಲೋಹದ ಹಂದರಕ್ಕೆ ಬಿಗಿದರೆ ಏನಾಗುತ್ತದೆಂಬುದನ್ನು ಜಗತ್ತು ನ್ಯೂಯಾರ್ಕಿನ ಸ್ವಾತಂತ್ರ್ಯ ದೇವತೆಯಿಂದ ಕಲಿತಿದೆ. 1886ರಲ್ಲಿ ನಿಂತ ಆ ಪ್ರತಿಮೆಯ ತಾಮ್ರದ ಹೊದಿಕೆಗೂ ಕಬ್ಬಿಣದ ಅಸ್ಥಿಪಂಜರಕ್ಕೂ ನಡುವೆ ಇಟ್ಟಿದ್ದ ತಡೆ ಸವೆದುಹೋಗಿ ಕಬ್ಬಿಣ ತಿಂದುಹೋಗಿತ್ತು. 1984ರಿಂದ 86ರವರೆಗೆ ದುರಸ್ತಿ ಮಾಡಿ ಒಳಗಿನ ಪಟ್ಟಿಗಳನ್ನು ತುಕ್ಕು ಹಿಡಿಯದ ಉಕ್ಕಿಗೆ ಬದಲಾಯಿಸಿದರು. ನಮ್ಮಲ್ಲಿ ವರ್ಷಕ್ಕೊಮ್ಮೆ ಜಯಂತಿಯ ಮುನ್ನಾದಿನ ಏಣಿ ಹಾಕಿ, ಹಕ್ಕಿಯ ಹಿಕ್ಕೆಯ ಮೇಲೆಯೇ ಹೊಳೆಯುವ ಬಣ್ಣ ಬಳಿದು, ಮರುದಿನ ಹಾಲು ಸುರಿದು ಹಾರ ಹಾಕುವುದನ್ನು ನಿರ್ವಹಣೆ ಎನ್ನುತ್ತೇವೆ. ತಂತಿ ಕಟ್ಟಿದ ಹಾರ ಮುಂದಿನ ಜಯಂತಿಯವರೆಗೂ ಕೊರಳಲ್ಲೇ ಒಣಗಿರುತ್ತದೆ.

ಪ್ರತಿಮೆ ಬಿದ್ದರೆ ಕಾಣುತ್ತದೆ. ಪ್ರತಿಮೆಯ ಸುತ್ತ ಊರು ಬಿರುಕು ಬಿಟ್ಟರೆ ಲೆಕ್ಕಕ್ಕೆ ಸಿಗುವುದಿಲ್ಲ. 2020ರ ಆಗಸ್ಟಿನಲ್ಲಿ ಬೆಳಗಾವಿಯ ಪೀರನವಾಡಿಯಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಯ ವಿಷಯಕ್ಕೆ ಲಾಠಿ ಬೀಸುವವರೆಗೆ ಹೋಗಿ, ವೃತ್ತಕ್ಕೆ ಶಿವಾಜಿಯ ಹೆಸರು, ಪ್ರತಿಮೆ ರಾಯಣ್ಣನದು ಎಂಬ ರಾಜಿಯಾಯಿತು. ಮರುವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನ ಶಿವಾಜಿ ಪ್ರತಿಮೆಗೆ ಮಸಿ, ಬೆಳಗಾವಿಯ ರಾಯಣ್ಣನ ಪ್ರತಿಮೆಗೆ ಹಾನಿ. ಬದುಕಿದ್ದಾಗ ಒಬ್ಬರನ್ನೊಬ್ಬರು ಕಾಣುವ ಸಾಧ್ಯತೆಯೇ ಇರದ ಇಬ್ಬರು ವೀರರನ್ನು ನಾವು ಬೀದಿಯಲ್ಲಿ ಎದುರಾಳಿಗಳನ್ನಾಗಿ ಮಾಡಿದೆವು. ಅದೇ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡದಲ್ಲಿ ಅವನ ಸಮಾಧಿಯಿದೆ. ಮಕ್ಕಳಾಗಲೆಂದು ಹರಕೆ ಹೊತ್ತವರು ಅಲ್ಲಿಗೆ ತೊಟ್ಟಿಲು ಕಟ್ಟಲು ಬರುತ್ತಾರೆ. ಅಲ್ಲಿ ಯಾರೂ ಅಡಿ ಅಳೆಯುವುದಿಲ್ಲ.

ಒಳ್ಳೆಯ ಉದಾಹರಣೆಗಳು ನಮ್ಮಲ್ಲಿ ಇಲ್ಲವೆಂದಲ್ಲ, ಮತ್ತು ಅವುಗಳಲ್ಲಿ ಹೆಚ್ಚಿನವು ಪ್ರತಿಮೆಗಳಲ್ಲ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಗುಂಡಿಗೆ ಬಲಿಯಾದವರ ಸ್ಮಾರಕದ ಬಳಿ ಸ್ವಾತಂತ್ರ್ಯ ಹೋರಾಟದ ಕತೆಯನ್ನು ಚಿತ್ರ ಬರಹಗಳಲ್ಲಿ ಹೇಳುವ ಪ್ರದರ್ಶನವಿದೆ. ಶಾಲೆಯ ಮಕ್ಕಳು ಸಾಲಾಗಿ ಬಂದು ಓದಿಕೊಂಡು ಹೋಗುತ್ತಾರೆ. ಕುಪ್ಪಳಿಯ ಕವಿಶೈಲದಲ್ಲಿ ನಿಲ್ಲಿಸಿದ ಕಲ್ಲುಗಳಲ್ಲಿ ಮುಖವಿಲ್ಲ, ಮೂಗಿಲ್ಲ. ಆದರೂ ಅಲ್ಲಿಗೆ ಹೋದವರು ದನಿ ತಗ್ಗಿಸಿ ಮಾತಾಡುತ್ತಾರೆ. ವೃತ್ತದ ನಡುವಿನ ಪ್ರತಿಮೆಯನ್ನು ನೋಡಬೇಕೆಂದರೆ ನಾಲ್ಕು ದಿಕ್ಕಿನ ಲಾರಿಗಳನ್ನು ದಾಟಿ ಹೋಗಬೇಕು. ಗ್ರಿಲ್ಲಿಗೆ ಬೀಗ ಬೇರೆ. ಯಾವ ಮಗುವೂ ಹತ್ತಿರ ಹೋಗಲಾರದ ಜಾಗದಲ್ಲಿ ಇಟ್ಟು ಮುಂದಿನ ಪೀಳಿಗೆಗೆ ಸ್ಫೂರ್ತಿ ಎಂದು ಭಾಷಣ ಮಾಡುತ್ತೇವೆ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಇವು. ಸಾರ್ವಜನಿಕ ಹಣದಲ್ಲಿ ಅಥವಾ ಸಾರ್ವಜನಿಕ ಜಾಗದಲ್ಲಿ ಯಾವುದೇ ಪ್ರತಿಮೆ ಅಥವಾ ಸ್ಮಾರಕ ಕಟ್ಟುವ ಮುನ್ನ ಅದರ ಉದ್ದೇಶವನ್ನು ಒಂದು ಪುಟದಲ್ಲಿ ಬರೆದು, ಸ್ಥಳದ ನಕ್ಷೆಯೊಡನೆ ಪುರಸಭೆ ಅಥವಾ ಪಂಚಾಯಿತಿಯ ಸೂಚನಾ ಫಲಕದಲ್ಲಿ ಎರಡು ತಿಂಗಳು ಪ್ರಕಟಿಸಿ, ಬಂದ ಆಕ್ಷೇಪಣೆಗಳಿಗೆ ಲಿಖಿತ ಉತ್ತರ ಕೊಟ್ಟ ಮೇಲೆಯೇ ಮುಂದುವರಿಯತಕ್ಕದ್ದೆಂದು ತಾವು ನಿಯಮ ಮಾಡಬೇಕು. ಆ ಪುಟದಲ್ಲಿ, ಪ್ರತಿಮೆಗೆ ಬದಲು ಗ್ರಂಥಾಲಯ, ಕೆರೆಯ ಹೂಳೆತ್ತುವಿಕೆ, ವಿದ್ಯಾರ್ಥಿನಿಲಯ ಇವುಗಳಲ್ಲಿ ಒಂದು ಯಾಕೆ ಆಗದೆಂಬ ಪ್ರಶ್ನೆಗೂ ಉತ್ತರವಿರಬೇಕು. ಸುಪ್ರೀಂ ಕೋರ್ಟಿನ ಆದೇಶವನ್ನು ‘ಸೌಂದರ್ಯೀಕರಣ’ದ ಹಿತ್ತಲ ಬಾಗಿಲಿನಿಂದ ದಾಟುವುದನ್ನು ಸುತ್ತೋಲೆ ಹೊರಡಿಸಿ ನಿಲ್ಲಿಸಬೇಕು.

ಎತ್ತರ ಮತ್ತು ವಿನ್ಯಾಸ ಅಂತಿಮವಾಗಿ, ಗಾಳಿ ಮತ್ತು ಅಡಿಪಾಯದ ಲೆಕ್ಕಕ್ಕೆ ಹೊರಗಿನ ತಜ್ಞರ ಸಹಿ ಬೀಳುವ ಮೊದಲು ಶಂಕುಸ್ಥಾಪನೆ ಆಗಕೂಡದು. ಅನಾವರಣದ ದಿನಾಂಕವನ್ನು ಕೆಲಸ ಮುಗಿದ ಮೇಲೆ ಗೊತ್ತುಮಾಡಬೇಕು, ಜಯಂತಿ ಮರುವರ್ಷವೂ ಬರುತ್ತದೆ. ಶಿಲ್ಪಿಯ ಆಯ್ಕೆಯನ್ನು ಅಂದಾಜು ಪಟ್ಟಿಯ ಬಾಬ್ತಿನಿಂದ ಹೊರತಂದು, ಶಿಲ್ಪಕಲಾ ಅಕಾಡೆಮಿಯ ಮೂಲಕ ಮಣ್ಣಿನ ಮಾದರಿಗಳನ್ನು ಆಹ್ವಾನಿಸಿ, ಅವನ್ನು ಜನರು ನೋಡಲು ಇಟ್ಟು ನಿರ್ಧರಿಸಬೇಕು. ಲೋಹದ ಪರೀಕ್ಷಾ ವರದಿಯ ಸಾರಾಂಶ ಪೀಠದ ಮೇಲೆಯೇ ಇರಲಿ, ಶಿಲ್ಪಿಯ ಹೆಸರಿನ ಪಕ್ಕದಲ್ಲಿ. ಅತಿಥಿಗಳ ಹೆಸರು ಆಮಂತ್ರಣ ಪತ್ರಿಕೆಯಲ್ಲಿದ್ದರೆ ಸಾಕು.

ಇನ್ನು, ಆತಕೂರಿನವರು ಬಿಟ್ಟ ಎರಡು ಖಂಡುಗದ ಮಾತು. ಒಟ್ಟು ವೆಚ್ಚದ ಒಂದು ಗೊತ್ತಾದ ಪಾಲನ್ನು ಪ್ರತ್ಯೇಕ ಠೇವಣಿಯಾಗಿ ಇಟ್ಟು, ಅದರ ಬಡ್ಡಿಯಿಂದ ನಿರ್ವಹಣೆ ನಡೆಯುವಂತೆಯೂ, ಹೊಣೆಗಾರ ಅಧಿಕಾರಿಯ ಹುದ್ದೆ ಫಲಕದಲ್ಲಿ ಕಾಣುವಂತೆಯೂ ಮಾಡಬೇಕು. ಠೇವಣಿ ಇಡಲು ಹಣವಿಲ್ಲವೆಂದಾದರೆ ಪ್ರತಿಮೆಗೂ ಹಣವಿಲ್ಲವೆಂದೇ ಅರ್ಥ. ಶಾಪದ ಸಾಲನ್ನು ಬೇಕಾದರೆ ಬಿಡಬಹುದು.

ಕಡೆಯದಾಗಿ, ಹೊಸದನ್ನು ಮಂಜೂರು ಮಾಡುವ ಮೊದಲು ಪ್ರತಿ ತಾಲ್ಲೂಕಿನಲ್ಲಿ ಈಗಾಗಲೇ ಇರುವ ಪ್ರತಿಮೆಗಳು, ಬರಿಯ ಪೀಠಗಳು, ಉಗ್ರಾಣದಲ್ಲಿ ಮಲಗಿರುವ ಪ್ರತಿಮೆಗಳು, ಹೊಲಗದ್ದೆ ಚರಂಡಿಗಳಲ್ಲಿ ಬಿದ್ದಿರುವ ವೀರಗಲ್ಲು ಮಾಸ್ತಿಕಲ್ಲುಗಳು ಇವುಗಳ ಪಟ್ಟಿ ಮಾಡಿಸಿ ಪ್ರಕಟಿಸಬೇಕೆಂದು ಕೋರುತ್ತೇನೆ. ಈ ಕೆಲಸಕ್ಕೆ ದೊಡ್ಡ ಹಣ ಬೇಡ. ಕಾಲೇಜಿನ ಇತಿಹಾಸ ವಿಭಾಗದ ಮಕ್ಕಳು, ಇಬ್ಬರು ಸರ್ವೇಯರುಗಳು, ನನ್ನಂಥ ಕೆಲಸವಿಲ್ಲದ ನಿವೃತ್ತರು ಸಾಕು. ನಮ್ಮ ತಾಲ್ಲೂಕಿನ ಮಟ್ಟಿಗೆ ನಾನು ಆರಂಭಿಸಿದ್ದೇನೆ. ಇದುವರೆಗೆ ನಲವತ್ತೊಂದು ಕಲ್ಲುಗಳು ಸಿಕ್ಕಿವೆ; ಹದಿಮೂರರಲ್ಲಿ ಬರಹವಿದೆ.

ಕೆರೆಕೋಡಿಯ ಚರಂಡಿಯ ಮೇಲಿನ ಕಲ್ಲನ್ನು ಮಗುಚಿ ನೋಡಲು ಅನುಮತಿ ಕೋರಿ ಸ್ಥಳೀಯ ಕಚೇರಿಗೆ ಸಲ್ಲಿಸಿದ ಎರಡು ಅರ್ಜಿಗಳ ಪ್ರತಿಗಳನ್ನೂ, ಆ ಜಾಗದ ಕೈನಕ್ಷೆಯನ್ನೂ, ಬರಿದಾದ ಪೀಠದ ಅಡಿಪಾಯದ ಲೆಕ್ಕವನ್ನೂ ತಮ್ಮ ಕಚೇರಿಗೆ ಅಂಚೆಯಲ್ಲಿ ಪ್ರತ್ಯೇಕವಾಗಿ ಕಳುಹಿಸಿದ್ದೇನೆ. ಆ ಪೀಠ ಹನ್ನೆರಡು ಅಡಿಯ ಪ್ರತಿಮೆಯನ್ನು ಹೊರುತ್ತದೆ. ಒಂದು ವೀರಗಲ್ಲನ್ನು ಹೊರಲು ಅದಕ್ಕೆ ಏನೂ ತೊಂದರೆಯಿಲ್ಲ.

ತಮ್ಮ ವಿಧೇಯ,
ನಿವೃತ್ತ ಸಹಾಯಕ ಕಾರ್ಯಪಾಲಕ ಎಂಜಿನಿಯರ್